ಯುದ್ಧವನ್ನು ಕಂಡವರು, ಮಕ್ಕಳನ್ನು ಚಿತ್ರಿಸಿದವರು: ಚಿಹಿರೊ ಇವಾಸಾಕಿ

'ತೊತ್ತೊಚಾನ್' ಪುಸ್ತಕವನ್ನು ನಮ್ಮ ಕಾಲೇಜಿನ ಅನೇಕರು ಓದಿರಬಹುದು. ಓದದವರೂ ಹೆಸರು ಕೇಳಿರುತ್ತಾರೆ. ಜಪಾನಿನ ಟೆಟ್ಸುಕೊ ಕುರೊಯಾನಾಗಿ ಬರೆದ ಈ ಪುಸ್ತಕ ಕನ್ನಡಕ್ಕೂ ಬಂದಿದೆ. ಹಳೆಯ ರೈಲು ಬೋಗಿಗಳಲ್ಲಿ ಪಾಠ ನಡೆಯುವ ಶಾಲೆ, ಪುಟ್ಟ ಹುಡುಗಿಯ ಮಾತನ್ನು ಗಂಟೆಗಟ್ಟಲೆ ಕೂತು ಕೇಳುವ ಮುಖ್ಯೋಪಾಧ್ಯಾಯರು, ಇವರನ್ನು ಒಮ್ಮೆ ಓದಿದವರು ಮರೆಯುವುದಿಲ್ಲ. ಆ ಕಥೆಯ ಜೊತೆಗೆ ಪುಸ್ತಕದಲ್ಲಿರುವ ಚಿತ್ರಗಳೂ ನೆನಪಿನಲ್ಲಿ ಉಳಿಯುತ್ತವೆ. ಚುಕ್ಕೆಯಂಥ ಕಪ್ಪು ಕಣ್ಣು, ನೀರಿನಲ್ಲಿ ಹರಡಿದಂತಿರುವ ಬಣ್ಣ, ಎಲ್ಲೋ ನೋಡುತ್ತಾ ನಿಂತ ಮಗು. ಆ ಚಿತ್ರಗಳನ್ನು ಬರೆದವರು ಚಿಹಿರೊ ಇವಾಸಾಕಿ.

ಪುಸ್ತಕ ಜಪಾನಿನಲ್ಲಿ ಪ್ರಕಟವಾದದ್ದು 1981ರಲ್ಲಿ. ಚಿಹಿರೊ ತೀರಿಕೊಂಡದ್ದು 1974ರಲ್ಲಿ. ಅಂದರೆ ಅವರು ತೊತ್ತೊಚಾನ್‌ಗಾಗಿ ಒಂದು ಗೆರೆಯನ್ನೂ ಎಳೆದವರಲ್ಲ. ಅವರು ಬಿಟ್ಟುಹೋದ ಸಾವಿರಾರು ಚಿತ್ರಗಳಿಂದ ಆರಿಸಿ ಆ ಪುಸ್ತಕಕ್ಕೆ ಹಾಕಲಾಯಿತು. ಹೀಗಿದ್ದರೂ ಕಥೆಗೂ ಚಿತ್ರಕ್ಕೂ ಅಷ್ಟು ಹೊಂದಾಣಿಕೆ ಬರಲು ಒಂದು ಕಾರಣವಿದೆ. ತೊತ್ತೊಚಾನ್ ಓದಿದ ಶಾಲೆ 1945ರಲ್ಲಿ ಟೋಕಿಯೊ ಮೇಲೆ ನಡೆದ ವಿಮಾನ ದಾಳಿಯಲ್ಲಿ ಸುಟ್ಟುಹೋಯಿತು. ಅದೇ ವರ್ಷ, ಅದೇ ನಗರದಲ್ಲಿ, ಅಂಥದೇ ದಾಳಿಯಲ್ಲಿ ಚಿಹಿರೊ ಅವರ ಮನೆಯೂ ಸುಟ್ಟುಹೋಯಿತು. ಇಬ್ಬರೂ ಒಂದೇ ಬೆಂಕಿಯನ್ನು ಕಂಡವರು.

ಬಾಲ್ಯ ಮತ್ತು ಚಿತ್ರಕಲೆ

ಚಿಹಿರೊ ಹುಟ್ಟಿದ್ದು 1918ರ ಡಿಸೆಂಬರ್ 15ರಂದು, ಜಪಾನಿನ ಫುಕುಯಿ ಪ್ರಾಂತ್ಯದ ತಕೆಫು ಎಂಬ ಊರಿನಲ್ಲಿ. ತಂದೆ ಸೇನೆಯ ಕಟ್ಟಡ ವಿಭಾಗದಲ್ಲಿ ಎಂಜಿನಿಯರ್. ತಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಮುಂದಿನ ವರ್ಷವೇ ಕುಟುಂಬ ಟೋಕಿಯೊಗೆ ಬಂತು. ಮೂವರು ಹೆಣ್ಣುಮಕ್ಕಳಲ್ಲಿ ಚಿಹಿರೊ ಹಿರಿಯರು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದ ಮನೆ. ರೇಡಿಯೊ, ಗ್ರಾಮಫೋನು, ಆರ್ಗನ್ ಎಲ್ಲವೂ ಇತ್ತು. ಆ ಕಾಲದ ಜಪಾನಿನಲ್ಲಿ ಇವು ಎಲ್ಲರ ಮನೆಯಲ್ಲಿ ಇರುತ್ತಿದ್ದ ವಸ್ತುಗಳಲ್ಲ.

ಚಿಕ್ಕಂದಿನಿಂದಲೂ ಚಿಹಿರೊಗೆ ಚಿತ್ರ ಬರೆಯುವುದೆಂದರೆ ಪ್ರಾಣ. 'ಕೊದೊಮೊ ನೊ ಕುನಿ' ಎಂಬ ಮಕ್ಕಳ ಪತ್ರಿಕೆಯಲ್ಲಿ ಬರುತ್ತಿದ್ದ ಬಣ್ಣದ ಚಿತ್ರಗಳನ್ನು ನೋಡಿ ಬೆಳೆದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಸಬುರೊಸುಕೆ ಒಕಾದಾ ಎಂಬ ಹೆಸರಾಂತ ತೈಲವರ್ಣ ಕಲಾವಿದರ ಬಳಿ ರೇಖಾಚಿತ್ರ, ತೈಲಚಿತ್ರ ಕಲಿಯಲು ಸೇರಿದರು. ಹೈಸ್ಕೂಲು ಮುಗಿದ ಮೇಲೆ ಕಲಾಶಾಲೆಗೆ ಸೇರಬೇಕೆಂಬುದು ಅವರ ಆಸೆ. ತಂದೆತಾಯಿ ಒಪ್ಪಲಿಲ್ಲ. ಮಗಳು ಚಿತ್ರ ಕಲಿಯಲಿ, ಆದರೆ ಅದೇ ಬದುಕಾಗುವುದು ಬೇಡ ಎಂಬುದು ಮನೆಯವರ ಯೋಚನೆ. ನಮ್ಮಲ್ಲೂ ಹತ್ತನೇ ತರಗತಿ ಮುಗಿದ ಮೇಲೆ ಇಂಥ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ.

ಚಿತ್ರದ ಬದಲು ಅವರು ಕೈಬರಹದ ಕಲೆಯನ್ನು ಕಲಿತರು. ಕುಂಚದಿಂದ ಜಪಾನಿ ಅಕ್ಷರಗಳನ್ನು ಬರೆಯುವ ಆ ಕಲೆಯಲ್ಲಿ ಒಮ್ಮೆ ಎಳೆದ ಗೆರೆಯನ್ನು ತಿದ್ದುವಂತಿಲ್ಲ. ಉರ್ದು ಖುಷ್‌ಖತ್ ಕಲಿತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಲಂ ಕಾಗದಕ್ಕೆ ತಾಗಿದ ಮೇಲೆ ಕೈ ಅನುಮಾನಿಸಬಾರದು. ಮುಂದೆ ಚಿಹಿರೊ ಅವರ ಚಿತ್ರಗಳಲ್ಲಿ ಒಂದೇ ಉಸಿರಿಗೆ ಎಳೆದಂತೆ ಕಾಣುವ ಗೆರೆಗಳು ಬಂದದ್ದು ಈ ಅಭ್ಯಾಸದಿಂದ.

ಮಂಚೂರಿಯಾಕ್ಕೆ ಎರಡು ಸಲ

ಚಿಹಿರೊ ಯುವತಿಯಾಗಿದ್ದ ಕಾಲದಲ್ಲಿ ಜಪಾನ್ ಯುದ್ಧದ ದಾರಿಯಲ್ಲಿತ್ತು. 1931ರಲ್ಲಿ ಜಪಾನಿನ ಸೇನೆ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾವನ್ನು ಆಕ್ರಮಿಸಿತು. 1932ರಲ್ಲಿ ಅಲ್ಲಿ ತನ್ನ ಹಿಡಿತದ ಒಂದು ಸರ್ಕಾರ ಸ್ಥಾಪಿಸಿತು. 1937ರಲ್ಲಿ ಚೀನಾದೊಂದಿಗೆ ಪೂರ್ಣ ಯುದ್ಧ ಶುರುವಾಯಿತು. ಗೆದ್ದ ನೆಲದಲ್ಲಿ ಜಪಾನಿ ರೈತರನ್ನು ನೆಲೆಗೊಳಿಸಲು 20 ವರ್ಷಗಳಲ್ಲಿ 10 ಲಕ್ಷ ಕುಟುಂಬಗಳನ್ನು ಕಳಿಸುವ ಯೋಜನೆ ತಯಾರಾಯಿತು. ಅವರಿಗೆ ಕೊಟ್ಟ ಜಮೀನಿನಲ್ಲಿ ಬಹುಪಾಲು ಅಲ್ಲಿನ ಚೀನೀ ರೈತರು ಉಳುತ್ತಿದ್ದ ಜಮೀನು. ಬಹಳ ಕಡಿಮೆ ಬೆಲೆಗೆ, ಬಲವಂತದಿಂದ ಪಡೆದದ್ದು.

ಗಂಡಸರು ಮಾತ್ರ ಹೋದರೆ ಸಾಕಾಗುತ್ತಿರಲಿಲ್ಲ. ಅಲ್ಲಿ ಸಂಸಾರ ಕಟ್ಟಲು ಹೆಣ್ಣುಮಕ್ಕಳೂ ಬೇಕಿತ್ತು. ಹಳ್ಳಿಗಳ ಯುವತಿಯರನ್ನು ಒಪ್ಪಿಸಿ ಅಲ್ಲಿನ ಗಂಡುಗಳಿಗೆ ಮದುವೆ ಮಾಡಿ ಕಳಿಸುವ ಕೆಲಸ ನಡೆಯಿತು. ಯುವತಿಯರ ಸಂಘಟನೆಯಲ್ಲಿ ಜವಾಬ್ದಾರಿ ಸ್ಥಾನದಲ್ಲಿದ್ದ ಚಿಹಿರೊ ಅವರ ತಾಯಿ ಈ ಕೆಲಸದಲ್ಲಿ ತೊಡಗಿದ್ದರು. ಅವರು ಕೆಟ್ಟ ಮನುಷ್ಯರೇನಲ್ಲ. ಓದಿದ ಶಿಕ್ಷಕಿ, ದೇಶಕ್ಕೆ ಒಳ್ಳೆಯದನ್ನು ಮಾಡುತ್ತಿದ್ದೇನೆ ಎಂದು ನಂಬಿದ್ದವರು. ತಂದೆ ಸೇನೆಗೆ ಕಟ್ಟಡ ಕಟ್ಟುತ್ತಿದ್ದರು, ತಾಯಿ ಸೇನೆ ಗೆದ್ದ ನೆಲಕ್ಕೆ ಮದುಮಗಳರನ್ನು ಕಳಿಸುತ್ತಿದ್ದರು. ಚಿಹಿರೊ ತಿಂದ ಅನ್ನ, ತೊಟ್ಟ ಬಟ್ಟೆ, ಕಲಿತ ಕಲೆ ಎಲ್ಲದರ ಹಿಂದೆ ಆ ದುಡಿಮೆ ಇತ್ತು. ಚಿಹಿರೊ ಆಗ ಅದನ್ನು ಯೋಚಿಸಿರಲಿಲ್ಲ.

1939ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಚಿಹಿರೊ ಅವರ ಮದುವೆಯಾಯಿತು. ಗಂಡುಮಕ್ಕಳಿಲ್ಲದ ಮನೆ, ಇವರು ಹಿರಿಯ ಮಗಳು. ಮನೆತನದ ಹೆಸರು ಮುಂದುವರಿಯಲು ಅಳಿಯನನ್ನು ಮನೆಗೆ ತರುವ ಪದ್ಧತಿಯಂತೆ ತಂದೆತಾಯಿ ಸಂಬಂಧ ನೋಡಿದರು. ಚಿಹಿರೊಗೆ ಮನಸ್ಸಿರಲಿಲ್ಲ, ಆದರೆ ಇಲ್ಲ ಎನ್ನಲೂ ಆಗಲಿಲ್ಲ. ಗಂಡನ ಕೆಲಸ ಮಂಚೂರಿಯಾದ ತುದಿಯಲ್ಲಿರುವ ದಾಲಿಯನ್ ಬಂದರಿನಲ್ಲಿ. ಅಲ್ಲಿಗೆ ಹೊರಟರು. ಮದುವೆ ಹೆಸರಿಗಷ್ಟೇ ಉಳಿಯಿತು. ಇಬ್ಬರ ನಡುವೆ ಪ್ರೀತಿ ಬೆಳೆಯಲಿಲ್ಲ. 1941ರಲ್ಲಿ ಗಂಡ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಚಿಹಿರೊ ಟೋಕಿಯೊಗೆ ಮರಳಿದರು. ಆ ಸಾವಿನ ಭಾರ ಅವರ ಮೇಲೆ ಬಹಳ ಕಾಲ ಇತ್ತು. ಇನ್ನೊಮ್ಮೆ ಮದುವೆಯ ಮಾತಿಗೆ ಅವರು ವರ್ಷಗಟ್ಟಲೆ ಕಿವಿಗೊಡಲಿಲ್ಲ.

ಮರಳಿದ ಮೇಲೆ ಮತ್ತೆ ಕುಂಚ ಹಿಡಿದು ತೈಲಚಿತ್ರ ಕಲಿಯತೊಡಗಿದರು. ಆದರೆ ಯುದ್ಧ ಬಿಡಲಿಲ್ಲ. 1944ರಲ್ಲಿ ಯುವತಿಯರ ಒಂದು ತಂಡದೊಂದಿಗೆ ಮತ್ತೆ ಮಂಚೂರಿಯಾಕ್ಕೆ ಹೋದರು. ಈ ಸಲ ಬಂದರು ನಗರಕ್ಕಲ್ಲ, ಸೋವಿಯತ್ ಗಡಿಯ ಕಡೆಗಿದ್ದ ಬೊಲಿ ಎಂಬ ಪ್ರದೇಶಕ್ಕೆ. ಭಾಷಣಗಳಲ್ಲಿ ಕೇಳಿದ ಹೊಸ ನಾಡು ಅಲ್ಲಿರಲಿಲ್ಲ. ಊಟ, ವಸತಿ ಎಲ್ಲದಕ್ಕೂ ಕಷ್ಟ. ಯುದ್ಧದ ಸ್ಥಿತಿ ಹದಗೆಡುತ್ತಿತ್ತು. ಅದೇ ವರ್ಷ ಚಿಹಿರೊ ಜಪಾನಿಗೆ ಹಿಂದಿರುಗಿದರು.

ಎಲ್ಲರಿಗೂ ಹಿಂದಿರುಗುವ ಅವಕಾಶ ಸಿಗಲಿಲ್ಲ. 1945ರ ಆಗಸ್ಟ್ 9ರಂದು ಸೋವಿಯತ್ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಜಪಾನಿನ ಸೇನೆ ತಾನು ಕರೆತಂದ ರೈತರನ್ನು ಬಿಟ್ಟು ಹಿಂದೆ ಸರಿಯಿತು. ಅಲ್ಲಿದ್ದ ಸುಮಾರು 2 ಲಕ್ಷ 70 ಸಾವಿರ ವಲಸೆ ರೈತ ಕುಟುಂಬಗಳ ಜನರಲ್ಲಿ ಸುಮಾರು 80 ಸಾವಿರ ಜನ ಹಸಿವು, ಚಳಿ, ರೋಗ, ದಾಳಿಗಳಿಂದ ಸತ್ತರು. ಎಷ್ಟೋ ಮಕ್ಕಳು ಅಪ್ಪ ಅಮ್ಮನಿಂದ ಬೇರೆಯಾಗಿ ಚೀನೀ ಕುಟುಂಬಗಳಲ್ಲಿ ಬೆಳೆದರು. ತನ್ನ ಜೊತೆ ಇದ್ದವರಿಗೆ ಇಂಥ ಗತಿ ಬಂತು, ತಾನು ಮಾತ್ರ ಪಾರಾದೆ ಎಂಬ ನೋವು ಚಿಹಿರೊ ಅವರನ್ನು ಕಾಡಿತು.

ಬೆಂಕಿ ಮತ್ತು ಸತ್ಯ

1945ರಲ್ಲಿ ಅಮೆರಿಕದ ಬಿ-29 ವಿಮಾನಗಳು ಟೋಕಿಯೊ ಮೇಲೆ ಬೆಂಕಿ ಬಾಂಬುಗಳನ್ನು ಸುರಿಸಿದವು. ಜಪಾನಿನ ಮನೆಗಳು ಮರ ಮತ್ತು ಕಾಗದದವು. ಮಾರ್ಚ್ 10ರ ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಸತ್ತರು. ಮೇ 25ರ ದಾಳಿಯಲ್ಲಿ ಚಿಹಿರೊ ಅವರ ಮನೆ ಸುಟ್ಟಿತು. ಕುಟುಂಬದವರು ಬೆಂಕಿಯ ನಡುವೆ ಓಡಿ ಜೀವ ಉಳಿಸಿಕೊಂಡರು. ಅಲ್ಲಿಂದ ನಾಗಾನೊ ಪ್ರಾಂತ್ಯದ ಮಾತ್ಸುಮೊಟೊ ಎಂಬ ಊರಿಗೆ, ತಾಯಿಯ ತವರಿನ ಕಡೆಗೆ ಹೋದರು. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಾಸಾಕಿ. 15ರಂದು ಚಕ್ರವರ್ತಿಯ ಧ್ವನಿ ರೇಡಿಯೊದಲ್ಲಿ ಬಂತು. ಯುದ್ಧ ಮುಗಿದಿತ್ತು.

ಆಗ ಚಿಹಿರೊಗೆ 26 ವರ್ಷ. ಮನೆ ಇಲ್ಲ, ಮದುವೆ ಇಲ್ಲ, ಕಲಿತ ಚಿತ್ರಕಲೆಯಿಂದ ಏನೂ ಆಗಿರಲಿಲ್ಲ. ಆದರೂ ಯುದ್ಧ ಮುಗಿದ ಮರುದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು, ಚಿತ್ರ ಬಿಡಿಸಲು ಶುರುಮಾಡಿದರು. ಆ ದಿನಗಳಲ್ಲಿ ಕೆಂಜಿ ಮಿಯಾಜಾವಾ ಎಂಬ ಕವಿಯ ಬರಹಗಳನ್ನು ತುಂಬಾ ಓದಿದರು. ಮಿಯಾಜಾವಾ ರೈತರ ನಡುವೆ ಬದುಕಿ ಮಕ್ಕಳ ಕಥೆಗಳನ್ನು ಬರೆದವರು.

ಇದೇ ಸಮಯದಲ್ಲಿ ಯುದ್ಧದ ಬಗ್ಗೆ ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಸಂಗತಿಗಳು ಹೊರಬರತೊಡಗಿದವು. ಚೀನಾದಲ್ಲಿ ಜಪಾನಿನ ಸೇನೆ ಏನು ಮಾಡಿತು, ಯುದ್ಧ ಬೇಡವೆಂದವರನ್ನು ದೇಶದೊಳಗೆ ಹೇಗೆ ಜೈಲಿಗೆ ಹಾಕಲಾಯಿತು ಎಂಬುದು ಜನರಿಗೆ ತಿಳಿಯಿತು. ಚಿಹಿರೊಗೆ ಇದು ದೊಡ್ಡ ಆಘಾತ. ಬೇರೆಯವರು ಮಾಡಿದ ತಪ್ಪು ಎಂದು ಅವರು ಸುಮ್ಮನಾಗಲು ಆಗುತ್ತಿರಲಿಲ್ಲ. ಆ ತಪ್ಪು ಅವರ ಮನೆಯ ಊಟದ ಮೇಜಿನವರೆಗೂ ಬಂದಿತ್ತು. ಮಂಚೂರಿಯಾದ ನೆಲದ ಮೇಲೆ ಅವರೇ ಎರಡು ಸಲ ನಡೆದಿದ್ದರು. 1946ರ ಆರಂಭದಲ್ಲಿ ಅವರು ಯುದ್ಧವನ್ನು ವಿರೋಧಿಸಿ ಜೈಲು ಕಂಡವರಿದ್ದ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ಸೇನೆಯ ಎಂಜಿನಿಯರ್ ಮಗಳು ಈ ನಿರ್ಧಾರ ಮಾಡುವುದು ಆ ಮನೆಗೆ ಸಣ್ಣ ವಿಷಯವಾಗಿರಲಿಲ್ಲ.

ತಂದೆತಾಯಿಗೂ ಯುದ್ಧದ ಲೆಕ್ಕ ತೀರಿಸಬೇಕಾಗಿ ಬಂತು. ಯುದ್ಧಕಾಲದ ಕೆಲಸದಿಂದಾಗಿ ಇಬ್ಬರೂ ಸಾರ್ವಜನಿಕ ಹುದ್ದೆಗಳಿಗೆ ಅನರ್ಹರಾದರು. ನಾಗಾನೊದ ಮಾತ್ಸುಕಾವಾ ಎಂಬ ಹಳ್ಳಿಯಲ್ಲಿ ಪಾಳು ನೆಲವನ್ನು ಹದಮಾಡಿ ಬೇಸಾಯ ಶುರುಮಾಡಿದರು. ಬೇರೆಯವರ ನೆಲದಲ್ಲಿ ಬೇಸಾಯ ಮಾಡಲು ಜನರನ್ನು ಕಳಿಸಿದವರು ಕೊನೆಗೆ ತಮ್ಮ ಕೈಯಿಂದಲೇ ಕಲ್ಲು ತೆಗೆದು ನೆಲ ಅಗೆದರು.

ಒಂದು ಸಾವಿರ ಯೆನ್ ಹೂವು

1946ರ ಮೇ ತಿಂಗಳಲ್ಲಿ ಚಿಹಿರೊ ಒಬ್ಬರೇ ಟೋಕಿಯೊಗೆ ಬಂದರು. ಒಂದು ಪತ್ರಿಕೆಯಲ್ಲಿ ವರದಿ ಬರೆಯುವ, ಚಿತ್ರ ಬಿಡಿಸುವ ಕೆಲಸ ಸಿಕ್ಕಿತು. ಜೊತೆಗೆ ತೊಷಿ ಮತ್ತು ಇರಿ ಮಾರುಕಿ ಎಂಬ ಕಲಾವಿದ ದಂಪತಿಗಳ ಬಳಿ ಚಿತ್ರ ಕಲಿತರು. ಹಿರೋಶಿಮಾದ ಭೀಕರತೆಯನ್ನು ದೊಡ್ಡ ದೊಡ್ಡ ಫಲಕಗಳಲ್ಲಿ ಚಿತ್ರಿಸಿ ಮುಂದೆ ಲೋಕಪ್ರಸಿದ್ಧರಾದವರು ಇದೇ ಮಾರುಕಿ ದಂಪತಿಗಳು.

ಜಪಾನಿನಲ್ಲಿ 'ಕಾಮಿಷಿಬಾಯಿ' ಎಂಬ ಕಲೆ ಇದೆ. ದೊಡ್ಡ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತಾ ಮಕ್ಕಳಿಗೆ ಕಥೆ ಹೇಳುವುದು. 1949ರಲ್ಲಿ ಚಿಹಿರೊಗೆ ಅಂಥದೊಂದು ಕೆಲಸ ಬಂತು. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ ಬರೆದ ಒಬ್ಬ ತಾಯಿಯ ಕಥೆ. ಸಾವು ತನ್ನ ಮಗುವನ್ನು ಒಯ್ದಾಗ ತಾಯಿ ಅದರ ಹಿಂದೆ ಹೋಗುತ್ತಾಳೆ, ಸರೋವರ ದಾಟಲು ತನ್ನ ಕಣ್ಣುಗಳನ್ನೇ ಕೊಡುತ್ತಾಳೆ. ಯುದ್ಧದಲ್ಲಿ ಲಕ್ಷಾಂತರ ತಾಯಂದಿರು ಮಕ್ಕಳನ್ನು ಕಳೆದುಕೊಂಡಿದ್ದ ದೇಶದಲ್ಲಿ ಈ ಕಥೆಗೆ ವಿವರಣೆ ಬೇಕಿರಲಿಲ್ಲ. ಈ ಕೆಲಸಕ್ಕೆ ಶಿಕ್ಷಣ ಸಚಿವರ ಪ್ರಶಸ್ತಿ ಬಂತು. ಚಿತ್ರಕಾರಳಾಗಿಯೇ ಬದುಕುತ್ತೇನೆ ಎಂದು ಚಿಹಿರೊ ನಿರ್ಧರಿಸಿದರು.

1950ರ ಜನವರಿಯಲ್ಲಿ ಅವರು ತಮ್ಮ ಇಷ್ಟದಂತೆ ಮದುವೆಯಾದರು. ಗಂಡ ಜೆನ್ಮೆಯ್ ಮಾತ್ಸುಮೊಟೊ, ಇವರಿಗಿಂತ ಏಳು ವರ್ಷಕ್ಕೂ ಹೆಚ್ಚು ಚಿಕ್ಕವರು. ಕೈಯಲ್ಲಿ ಹಣವಿರಲಿಲ್ಲ. ಇದ್ದ ಒಂದು ಸಾವಿರ ಯೆನ್‌ಗೆ ಚಿಹಿರೊ ಹೂವು ಕೊಂಡು ಬಾಡಿಗೆಯ ಪುಟ್ಟ ಕೋಣೆಯನ್ನು ತುಂಬಿದರು. ಅತಿಥಿಗಳಿಲ್ಲ, ಮೆರವಣಿಗೆಯಿಲ್ಲ. ಮೊದಲ ಮದುವೆ ಮನೆತನಕ್ಕಾಗಿ ಆದದ್ದು, ಇದು ಅವರು ಆರಿಸಿಕೊಂಡದ್ದು.

1951ರಲ್ಲಿ ಮಗ ತಕೇಶಿ ಹುಟ್ಟಿದ. ಗಂಡ ವಕೀಲಿ ಪರೀಕ್ಷೆಗೆ ಓದುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಚಿಹಿರೊ ಅವರ ಚಿತ್ರಗಳಿಂದ. ಒಂದು ಕೋಣೆಯಲ್ಲಿ ಮಗುವನ್ನೂ ಇಟ್ಟುಕೊಂಡು ದುಡಿಯಲು ಆಗದೆ, ಎರಡು ತಿಂಗಳು ತುಂಬುವ ಹೊತ್ತಿಗೆ ಮಗನನ್ನು ಮಾತ್ಸುಕಾವಾದ ತಂದೆತಾಯಿಯ ಬಳಿ ಬಿಡಬೇಕಾಯಿತು. ಸ್ವಲ್ಪ ಹಣ ಕೂಡಿದಾಗಲೆಲ್ಲ ರೈಲು ಹತ್ತಿ ನೋಡಿಬರುತ್ತಿದ್ದರು. ಪ್ರತಿ ಸಲ ಮಗ ಬೆಳೆದಿರುತ್ತಿದ್ದ. ಮತ್ತೆ ಕಾಣುವವರೆಗೆ ಮರೆಯದಿರಲು ಅವನ ಚಿತ್ರ ಬರೆದುಕೊಳ್ಳುತ್ತಿದ್ದರು. 1952ರಲ್ಲಿ ಟೋಕಿಯೊದ ನೆರಿಮಾ ಪ್ರದೇಶದಲ್ಲಿ ಒಂದು ಪುಟ್ಟ ಮನೆ ಕಟ್ಟಿದ ಮೇಲೆ ತಾಯಿ ಮಗ ಒಟ್ಟಿಗೆ ಇರಲು ಸಾಧ್ಯವಾಯಿತು. ಹತ್ತು ತಿಂಗಳ ಮಗುವಿಗೂ ಒಂದು ವರ್ಷದ ಮಗುವಿಗೂ ಇರುವ ವ್ಯತ್ಯಾಸವನ್ನು ಚಿಹಿರೊ ಎದುರಿಗೆ ಮಗುವಿಲ್ಲದೆಯೇ ಚಿತ್ರಿಸಬಲ್ಲವರಾಗಿದ್ದರು ಎಂದು ಎಲ್ಲರೂ ಹೊಗಳುತ್ತಾರೆ. ಆ ಕಣ್ಣು ಬಂದದ್ದು ಬಿಟ್ಟಿರಬೇಕಾದ ಮಗುವನ್ನು ಮತ್ತೆ ಮತ್ತೆ ನೋಡಿ ಬರೆದದ್ದರಿಂದ.

ಚಿತ್ರ ಯಾರದು?

ಚಿಹಿರೊ ಬದುಕಿನ ಒಂದು ಸಂಗತಿ ವಾಣಿಜ್ಯ ಓದುವ ನಮಗೆ ವಿಶೇಷವಾಗಿ ಗಮನಿಸುವಂಥದ್ದು. ಆ ಕಾಲದಲ್ಲಿ ಜಪಾನಿನ ಪ್ರಕಾಶಕರು ಪುಸ್ತಕಕ್ಕೆ ಬರೆಸಿದ ಚಿತ್ರಕ್ಕೆ ಒಮ್ಮೆ ಹಣ ಕೊಟ್ಟರೆ ಮೂಲ ಚಿತ್ರವೂ ತಮ್ಮದೇ ಎಂದುಕೊಳ್ಳುತ್ತಿದ್ದರು. ಎಷ್ಟೋ ಚಿತ್ರಗಳು ಮುದ್ರಣವಾದ ಮೇಲೆ ಕಳೆದುಹೋಗುತ್ತಿದ್ದವು. ಪುಸ್ತಕದ ಚಿತ್ರ ಎಂದರೆ ಕಥೆಯ ಪಕ್ಕದ ಅಲಂಕಾರ, ಕಲೆಯಲ್ಲ ಎಂಬ ಭಾವನೆಯಿತ್ತು.

ಚಿಹಿರೊ ಇದನ್ನು ಒಪ್ಪಲಿಲ್ಲ. ಮುದ್ರಿಸಲು ಕೊಟ್ಟದ್ದು ಚಿತ್ರವನ್ನು ಬಳಸುವ ಹಕ್ಕು ಮಾತ್ರ, ಚಿತ್ರ ಬರೆದವರದ್ದು ಎಂದು ಅವರು ಪಟ್ಟು ಹಿಡಿದರು. ಮೂಲಚಿತ್ರಗಳನ್ನು ವಾಪಸು ಕೇಳಿದರು. ಕೆಲಸ ಕೊಡುವವರ ಎದುರು ಕೆಲಸ ಮಾಡುವವರು, ಅದರಲ್ಲೂ ಒಬ್ಬ ಹೆಂಗಸು, ಹೀಗೆ ಕೇಳುವುದು ಸುಲಭವಲ್ಲ. ಕೆಲಸ ಕೈತಪ್ಪುವ ಭಯ ಇರುತ್ತದೆ. ಮನೆಯ ಖರ್ಚೆಲ್ಲ ಅದರ ಮೇಲೇ ನಿಂತಿದ್ದಾಗ ಇನ್ನೂ ಹೆಚ್ಚು. ಆದರೂ ಕೇಳಿದರು. ಇದರ ಫಲವಾಗಿ ಅವರ 9,000ಕ್ಕೂ ಹೆಚ್ಚು ಚಿತ್ರಗಳು ಇವತ್ತಿಗೂ ಉಳಿದಿವೆ. ಹಾಗೆ ಉಳಿದದ್ದರಿಂದಲೇ ತೊತ್ತೊಚಾನ್ ಪುಸ್ತಕಕ್ಕೆ ಆರಿಸಲು ಚಿತ್ರಗಳಿದ್ದವು. ನಮ್ಮ ಪಠ್ಯದಲ್ಲಿ ಹಕ್ಕುಸ್ವಾಮ್ಯ ಎಂಬುದು ಎರಡು ಅಂಕದ ಪ್ರಶ್ನೆ. ಒಬ್ಬ ಕಲಾವಿದೆಯ ಬದುಕಿನಲ್ಲಿ ಅದು ಏನು ಎಂಬುದು ಇಲ್ಲಿ ತಿಳಿಯುತ್ತದೆ.

1960ರ ದಶಕದ ಕೊನೆಗೆ ಚಿಹಿರೊ ತಾವೇ ಮಾತು ಮತ್ತು ಚಿತ್ರ ಎರಡನ್ನೂ ಹೊಂದಿಸಿ ಹೊಸ ರೀತಿಯ ಪುಸ್ತಕಗಳನ್ನು ಮಾಡತೊಡಗಿದರು. 1968ರಲ್ಲಿ ಬಂದ ಪುಸ್ತಕವೊಂದರಲ್ಲಿ ಮಳೆಯ ದಿನ ಮನೆಯಲ್ಲಿ ಒಬ್ಬಳೇ ಅಮ್ಮನಿಗಾಗಿ ಕಾಯುವ ಹುಡುಗಿ ಇದ್ದಾಳೆ. ಟೆಲಿಫೋನು ಹೊಡೆದುಕೊಂಡರೆ ಪರದೆಯ ಹಿಂದೆ ಅವಿತುಕೊಳ್ಳುತ್ತಾಳೆ. ಅಷ್ಟೇ ಕಥೆ. ಉಳಿದದ್ದನ್ನು ಒದ್ದೆ ಕಾಗದದ ಮೇಲೆ ಹರಡಿದ ಬಣ್ಣವೇ ಹೇಳುತ್ತದೆ. ಹಕ್ಕಿಯೊಂದರ ಕುರಿತ ಅವರ ಇನ್ನೊಂದು ಪುಸ್ತಕಕ್ಕೆ 1973ರಲ್ಲಿ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿ ಬಂತು.

ಯುದ್ಧದ ಚಿತ್ರಗಳು

ಹೂವು, ಹಕ್ಕಿ, ಮಳೆ, ಮಕ್ಕಳು, ಇಷ್ಟನ್ನೇ ನೋಡಿದರೆ ಚಿಹಿರೊ ಯುದ್ಧವನ್ನು ಮರೆತಿದ್ದರು ಅನ್ನಿಸಬಹುದು. ಅವರು ಮರೆತಿರಲಿಲ್ಲ. ಹಿರೋಶಿಮಾದಲ್ಲಿ ಬದುಕುಳಿದ 105 ಮಕ್ಕಳು ಮತ್ತು ಯುವಜನರು ತಮ್ಮ ಅನುಭವ ಬರೆದಿದ್ದ ಸಂಗ್ರಹವೊಂದು 1951ರಲ್ಲಿ ಪ್ರಕಟವಾಗಿತ್ತು. ಅದರಿಂದ ಆಯ್ದ ಬರಹಗಳಿಗೆ ಚಿತ್ರ ಬರೆಯುವ ಕೆಲಸವನ್ನು ಚಿಹಿರೊ ಒಪ್ಪಿಕೊಂಡರು. ಅದಕ್ಕಾಗಿ ಹಿರೋಶಿಮಾಕ್ಕೆ ಹೋದರು. ತಾವು ಮಲಗಿದ ನೆಲದಡಿಯಲ್ಲೂ ಮಕ್ಕಳ ಮೂಳೆಗಳಿರಬಹುದು ಎಂಬ ಯೋಚನೆಯಿಂದ ಅವರಿಗೆ ಅಲ್ಲಿ ನಿದ್ದೆ ಬರಲಿಲ್ಲ. 1967ರಲ್ಲಿ ಬಂದ ಆ ಪುಸ್ತಕದಲ್ಲಿ ಅವರು ಸುಟ್ಟ ದೇಹಗಳನ್ನು ಬರೆಯಲಿಲ್ಲ. ಬಣ್ಣವಿಲ್ಲದ ಮಸುಕು ಗೆರೆಗಳಲ್ಲಿ ಮುದ್ದಾದ ಮಕ್ಕಳನ್ನು ಬರೆದರು. ಪಕ್ಕದ ಪುಟದಲ್ಲಿ ಬರಹ ಓದಿ ಮತ್ತೆ ಚಿತ್ರ ನೋಡಿದಾಗ, ಇಂಥ ಮಗುವಿಗೆ ಹೀಗಾಯಿತೇ ಎಂಬ ಪ್ರಶ್ನೆ ಓದುವವರಿಗೆ ತಾನಾಗಿ ಬರುತ್ತದೆ.

ಆ ಹೊತ್ತಿಗೆ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಬಾಂಬು ಹಾಕುವ ಅಮೆರಿಕದ ಬಿ-52 ವಿಮಾನಗಳು ಒಕಿನಾವಾ ದ್ವೀಪದ ನೆಲೆಯಿಂದಲೂ ಹಾರುತ್ತಿದ್ದವು. 1945ರಲ್ಲಿ ಆಕಾಶದಿಂದ ಬಿದ್ದ ಬೆಂಕಿಯಲ್ಲಿ ಓಡಿದ ಚಿಹಿರೊ, ಈಗ ತಮ್ಮದೇ ದ್ವೀಪದಿಂದ ಅಂಥ ಬೆಂಕಿ ಬೇರೆ ದೇಶದ ಮಕ್ಕಳ ಮೇಲೆ ಹೋಗುವುದನ್ನು ನೋಡಬೇಕಾಯಿತು. ಯೌವನದಲ್ಲಿ ಅವರಿಗೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಗೊತ್ತಿದ್ದು ಸುಮ್ಮನಿರಲು ಅವರಿಂದ ಆಗಲಿಲ್ಲ.

ಅವರ ಆರೋಗ್ಯ ಆಗಲೇ ಕೆಟ್ಟಿತ್ತು. ಬೀದಿಗಿಳಿದು ಮೆರವಣಿಗೆಯಲ್ಲಿ ನಡೆಯುವ ಶಕ್ತಿ ಇರಲಿಲ್ಲ. ಸುಮಾರು ಒಂದೂವರೆ ವರ್ಷ, ನಡುವೆ ಆಸ್ಪತ್ರೆಯ ದಿನಗಳನ್ನೂ ಸೇರಿಸಿ, ಒಂದು ಪುಸ್ತಕಕ್ಕಾಗಿ ಕೆಲಸ ಮಾಡಿದರು. 1973ರಲ್ಲಿ ಬಂದ 'ಯುದ್ಧದ ಬೆಂಕಿಯಲ್ಲಿ ಮಕ್ಕಳು' ಎಂಬ ಅರ್ಥದ ಹೆಸರಿನ ಆ ಪುಸ್ತಕಕ್ಕೆ ಮಾತೂ ಅವರದೇ, ಚಿತ್ರವೂ ಅವರದೇ. ಹೆಚ್ಚಿನ ಪುಟಗಳು ಕಪ್ಪು ಬಿಳುಪು, ಅಲ್ಲಲ್ಲಿ ಸ್ವಲ್ಪ ಕೆಂಪು. ಕೆಂಪು ಸೈಕ್ಲಮೆನ್ ಹೂವಿನ ದಳಗಳ ನಡುವೆ ಸತ್ತ ಮಕ್ಕಳ ಮುಖಗಳು ಕಾಣುತ್ತವೆ. ಇನ್ನೊಂದು ಚಿತ್ರದಲ್ಲಿ ಬೆಂಕಿಯ ನಡುವೆ ಮಗುವನ್ನು ಅಪ್ಪಿಕೊಂಡ ತಾಯಿ ಇದ್ದಾಳೆ. ಆಕೆಯ ಕಣ್ಣು ಕೋಪದಿಂದ ಆಚೆ ನೋಡುತ್ತಿದೆ, ತೋಳಿನಲ್ಲಿರುವ ಮಗುವಿಗೆ ಏನೂ ತಿಳಿದಿಲ್ಲ. ಚಿಹಿರೊ ಬರೆದ ಸಾವಿರಾರು ಮುಖಗಳಲ್ಲಿ ಇಷ್ಟು ಕಠಿಣವಾದ ಮುಖ ಸಿಗುವುದು ಅಪರೂಪ. ಈ ಪುಸ್ತಕದಲ್ಲೂ ಬಂದೂಕು, ವಿಮಾನ, ಸೈನಿಕರಿಗಿಂತ ಮಕ್ಕಳ ಕಣ್ಣುಗಳೇ ಮುಖ್ಯ. ಅವರು ಪೂರ್ಣಗೊಳಿಸಿದ ಕೊನೆಯ ಪುಸ್ತಕ ಇದೇ.

1974ರ ಆಗಸ್ಟ್ 8ರಂದು ಯಕೃತ್ತಿನ ಕ್ಯಾನ್ಸರ್‌ನಿಂದ ಚಿಹಿರೊ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಮೂರು ವರ್ಷಗಳ ನಂತರ ನೆರಿಮಾದ ಅವರ ಮನೆಯಿದ್ದ ಜಾಗದಲ್ಲಿ ಅವರ ಹೆಸರಿನ ಕಲಾ ಸಂಗ್ರಹಾಲಯ ತೆರೆಯಿತು. 1997ರಲ್ಲಿ ಎರಡನೆಯದು ತೆರೆದದ್ದು ಮಾತ್ಸುಕಾವಾದಲ್ಲಿ, ತಂದೆತಾಯಿ ಕಲ್ಲು ನೆಲವನ್ನು ಹದಮಾಡಿದ ಅದೇ ಹಳ್ಳಿಯಲ್ಲಿ. ಮಕ್ಕಳು ಮೊದಲ ಸಲ ಬರುವ ಸಂಗ್ರಹಾಲಯ ಇದಾಗಲಿ ಎಂಬ ಉದ್ದೇಶದಿಂದ ಅಲ್ಲಿ ಚಿತ್ರಗಳನ್ನು ಮಕ್ಕಳ ಕಣ್ಣಿಗೆ ಎಟುಕುವಂತೆ ಕೆಳಗೆ ತೂಗುಹಾಕುತ್ತಾರೆ.

ನಮಗೆ ಇದರಿಂದ ಏನು?

ಯುದ್ಧ ಎಂದಾಗ ನಾವು ಸೈನಿಕರು ಮತ್ತು ನಾಯಕರನ್ನು ಮಾತ್ರ ಯೋಚಿಸುತ್ತೇವೆ. ಚಿಹಿರೊ ಅವರ ಜೀವನ ನೋಡಿದರೆ ಯುದ್ಧಕ್ಕೆ ಎಂಜಿನಿಯರ್ ಬೇಕು, ಶಿಕ್ಷಕಿ ಬೇಕು, ಮದುವೆ ಮಾಡಿಸುವವರು ಬೇಕು, ಒಳ್ಳೆಯ ಮನೆಯ ವಿಧೇಯ ಮಕ್ಕಳೂ ಬೇಕು ಎಂದು ತಿಳಿಯುತ್ತದೆ. ಇವರಲ್ಲಿ ಯಾರೂ ಒಂದು ಗುಂಡನ್ನೂ ಹಾರಿಸುವುದಿಲ್ಲ. ಎಲ್ಲರೂ ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ, ಅಷ್ಟೇ. ನಾಳೆ ನಾವೂ ಲೆಕ್ಕ ಬರೆಯುವವರು, ಬ್ಯಾಂಕಿನಲ್ಲಿ ಕೂರುವವರು, ಕಂಪನಿ ನಡೆಸುವವರು, ಪಾಠ ಹೇಳುವವರು ಆಗುತ್ತೇವೆ. ನಮ್ಮ ಕೆಲಸ ಕೊನೆಗೆ ಯಾರ ಮನೆಯ ಮೇಲೆ ಹೋಗಿ ಬೀಳುತ್ತದೆ ಎಂದು ಕೇಳುವ ಅಭ್ಯಾಸ ಈಗಿನಿಂದಲೇ ಇರಬೇಕು.

ಇವತ್ತು ನಮ್ಮ ಮೊಬೈಲಿನಲ್ಲಿ ಗಾಜಾ, ಸುಡಾನ್, ಉಕ್ರೇನ್‌ಗಳಿಂದ ಕುಸಿದ ಮನೆಗಳ ಮುಂದೆ ನಿಂತ ಮಕ್ಕಳ ಚಿತ್ರಗಳು ಬರುತ್ತವೆ. ಬೆರಳಿನಿಂದ ಸರಿಸಿ ಮುಂದೆ ಹೋಗುತ್ತೇವೆ, ಏಕೆಂದರೆ ತುಂಬಾ ಹೊತ್ತು ನೋಡಲು ಆಗುವುದಿಲ್ಲ. ಚಿಹಿರೊ ಆ ಮಕ್ಕಳನ್ನು ನೋಡುವಂತೆ ಚಿತ್ರಿಸಿದರು. ಗಾಯಕ್ಕಿಂತ ಮೊದಲಿನ ಮುಖವನ್ನು, ಸಂಖ್ಯೆಯಾಗುವ ಮೊದಲಿನ ಮಗುವನ್ನು ತೋರಿಸಿದರು. ತೊತ್ತೊಚಾನ್ ಪುಸ್ತಕವನ್ನು ಇನ್ನೊಮ್ಮೆ ತೆರೆದಾಗ ಕಥೆಯ ಜೊತೆ ಆ ಚಿತ್ರಗಳನ್ನೂ ಸ್ವಲ್ಪ ಹೊತ್ತು ನೋಡಿ. ಅಲ್ಲಿರುವ ಪ್ರತಿ ಮಗುವನ್ನೂ ಬರೆದದ್ದು, ಮಕ್ಕಳಿಗೆ ಏನಾಗಬಹುದು ಎಂಬುದು ಚೆನ್ನಾಗಿ ಗೊತ್ತಿದ್ದ ಒಂದು ಕೈ.